ವರ್ಲೀನಳ ಕೈಯಡುಗೆ

ಪಶ್ಚಿಮ ಬಾಲ್ಟಿಮೋರ್,
ಸೆಪ್ಟೆಂಬರ್ ೧೫, ಸೋಮವಾರ

ಪ್ರೀತಿಯ ಡಾರಿಯಸ್,

ಹೇಗಿದ್ದೀಯ ಮಗಾ? ಹಲ್ಲುನೋವು ಇಳಿಯಿತೇ, ಇಲ್ಲ ಆ ಡಾಕ್ಟರು ಇನ್ನೂ ಎಲ್ಲ ಕಾಯಿಲೆಗೂ ಒಂದೇ ಗುಳಿಗೆ ಕೊಡುತ್ತಿದ್ದಾನೆಯೇ? ಬೆಟ್ಟದ ಕಡೆಯ ಜೈಲಿನಲ್ಲಿ ಈಗಲೇ ಚಳಿ ಶುರುವಾಗಿರಬೇಕು. ಉಣ್ಣೆಯ ಕಾಲುಚೀಲ ಕಳಿಸೋಣವೆಂದರೆ ಹೊರಗಿನದನ್ನು ಒಳಗೆ ಬಿಡುವುದಿಲ್ಲವಂತೆ. ನನ್ನ ಮೊಣಕಾಲು ನೋವು ಹಾಗೇ ಇದೆ, ಸಕ್ಕರೆ ಕಾಯಿಲೆಯೂ ಇದೆ, ಎರಡೂ ನನ್ನನ್ನು ಬಿಟ್ಟು ಹೋಗುವ ಪೈಕಿ ಅಲ್ಲ. ಈ ಕಾಗದವನ್ನು ನಿನ್ನ ಕೈಗೆ ಕೊಡುವ ಮೊದಲು ಅಲ್ಲಿಯವರು ಒಡೆದು ಓದುತ್ತಾರೆಂದು ಗೊತ್ತು. ಓದಲಿ ಬಿಡು. ಅವರಿಗೂ ಅಜ್ಜಿಯರಿರುತ್ತಾರೆ.

ನಿನ್ನ ತಮ್ಮನನ್ನು ಶನಿವಾರ ಮಣ್ಣು ಮಾಡಿದೆವು. ಒಂದು ದಿನದ ಮಟ್ಟಿಗೆ ನಿನ್ನನ್ನು ಕಳಿಸಿಕೊಡಿ ಎಂದು ಪಾದ್ರಿಗಳು ಎಷ್ಟು ಕೇಳಿದರೂ ಒಪ್ಪಲಿಲ್ಲ. "ಮೈಕಾ ಹೇಗ್ ಕಾಣ್ತಿದ್ದ ಅಜ್ಜಿ?" ಅಂತ ನೀನು ಫೋನಿನಲ್ಲಿ ಕೇಳಿದಾಗ ನಾನು ಬಾಯಿ ತೆರೆಯುವಷ್ಟರಲ್ಲಿ ಲೈನು ಕಟ್ಟಾಯಿತು. ಈಗ ಹೇಳುತ್ತೇನೆ. ಚೆನ್ನಾಗಿ ಕಾಣುತ್ತಿದ್ದ. ನೀಲಿ ಸೂಟು ಹಾಕಿದ್ದೆವು, ಕತ್ತಿನ ಗಾಯ ಕಾಣದಂತೆ ಕಾಲರು ಎತ್ತಿದ್ದರು. ಕೂದಲು ಮಾತ್ರ ಅವನ ಹಾಗೆ ಬಾಚಿರಲಿಲ್ಲ, ನಾನೇ ಸರಿಮಾಡಿದೆ. ಹದಿನೇಳು ವರ್ಷದ ಹುಡುಗನ ತಲೆ ಅಷ್ಟು ತಣ್ಣಗಿರಬಾರದು ಕಂದಾ. ಗುಂಡು ಬಿದ್ದಾಗ ಅವನು ನಮ್ಮ ಮನೆಯ ಬಿಳಿಕಲ್ಲಿನ ಮೆಟ್ಟಿಲ ಮೇಲೆ ಕೂತು, ಕುದುರೆಗಾಡಿಯಲ್ಲಿ ಹಣ್ಣು ಮಾರುವವನ ಹತ್ತಿರ ಕೊಂಡ ಪೀಚ್ ಹಣ್ಣು ತಿನ್ನುತ್ತಿದ್ದ. ಪ್ರತಿ ಶನಿವಾರ ನಾನು ಆ ಮೆಟ್ಟಿಲು ತಿಕ್ಕುವಾಗ ಬಕೆಟ್ಟು ಹಿಡಿಯಲು ನೀವಿಬ್ಬರೂ ಎಷ್ಟು ಗೊಣಗುತ್ತಿದ್ದಿರಿ! ಈಗ ಎಷ್ಟು ತಿಕ್ಕಿದರೂ ಕಲ್ಲಿನ ಒಂದು ಬಿರುಕಿನಲ್ಲಿ ಕಂದು ಬಣ್ಣ ಉಳಿದುಕೊಂಡಿದೆ. ಪಕ್ಕದ ಮನೆಯವಳು ಬ್ಲೀಚ್ ತಂದುಕೊಟ್ಟಳು. ಬೇಡವೆಂದು ವಾಪಸು ಕಳಿಸಿದೆ.

ನಮ್ಮ ಶುಕ್ರವಾರದ ಕೂಟದ ವಿಷಯ ನಿನಗೆ ಗೊತ್ತಲ್ಲ. ಹುಡುಗರು ಗುಂಪು ಕಟ್ಟಿ ನಿಲ್ಲುವ ಮೂಲೆಗೆ ನಾವು ಮುದುಕಿಯರು ಮಡಚುವ ಕುರ್ಚಿ ಹೊತ್ತುಕೊಂಡು ಹೋಗುತ್ತೇವೆ, ಮೀನು ಕರಿಯುತ್ತೇವೆ, ಕತ್ತಲಾಗುವವರೆಗೆ ಹರಟುತ್ತೇವೆ. ಅಜ್ಜಿಯರ ಕಣ್ಣೆದುರು ಯಾವ ಹುಡುಗನೂ ಪಿಸ್ತೂಲು ತೆಗೆಯಲಾರ ಎನ್ನುವುದು ನಮ್ಮ ಧೈರ್ಯ. ಹುಡುಗರು ನಮಗೆ 'ಕುರ್ಚಿ ಪೊಲೀಸ್' ಅಂತ ಹೆಸರಿಟ್ಟಿದ್ದಾರೆ. ಜೈಲಿನಲ್ಲಿ ನಿನ್ನ ಜೊತೆ ಒಂದೇ ಕೋಣೆಯಲ್ಲಿದ್ದ ರುಡೆಲ್ ಈಗ ಕಿತ್ತಳೆ ಬಣ್ಣದ ಜಾಕೆಟ್ಟು ಹಾಕಿಕೊಂಡು ಅಲ್ಲೇ ಓಡಾಡುತ್ತಾನೆ. ಜಗಳ ಕಾಯುತ್ತಿರುವ ಹುಡುಗರ ನಡುವೆ ಹೋಗಿ ಮಾತಿನಲ್ಲೇ ತಣಿಸುವುದು ಅವನ ಕೆಲಸ. "ಮೊದ್ಲು ಮೀನು ತಿನ್ನು, ಆಮೇಲೆ ಕೊಲ್ಲೋದರ ಮಾತಾಡೋಣ" ಅನ್ನುತ್ತಾನೆ. ಬೇಸಿಗೆಯಿಡೀ ನಮ್ಮ ಮೂಲೆಯಲ್ಲಿ ಒಂದು ಗುಂಡೂ ಹಾರಲಿಲ್ಲ, ನಾವು ಬೀಗಿದ್ದೇ ಬೀಗಿದ್ದು. ಮೈಕಾ ಸತ್ತದ್ದು ಗುರುವಾರ. ನಮ್ಮ ಕುರ್ಚಿಗಳು ಅವತ್ತು ನೆಲಮಾಳಿಗೆಯಲ್ಲಿದ್ದವು.

ಮಣ್ಣಾದ ಮೇಲೆ ಚರ್ಚಿನ ಕೆಳಗಿನ ಹಾಲ್‌ನಲ್ಲಿ ಊಟ. ನಮ್ಮವರ ಬುದ್ಧಿ ನಿನಗೆ ಗೊತ್ತೇ ಇದೆ. ಸಾವಿನ ಮನೆಯೇ ಇರಲಿ ಮದುವೆ ಮನೆಯೇ ಇರಲಿ, ಚೀಸ್ ಹಾಕಿ ಬೇಯಿಸಿದ ಮ್ಯಾಕರೋನಿ ಯಾರ ಕೈಯದು ಎಂದು ಕೇಳದೆ ಒಬ್ಬರೂ ತಟ್ಟೆಗೆ ಹಾಕಿಸಿಕೊಳ್ಳುವುದಿಲ್ಲ. ನಿನ್ನ ಗೆಳೆಯ ಡೆಶಾನ್ ಹಾಗೇ ಕೇಳಿದ, "ಇದ್ಯಾರ್ ಮಾಡಿದ್ದು?" ಬಡಿಸುತ್ತಿದ್ದವಳು ಬಾಗಿಲ ಕಡೆ ನೋಡಿದಳು. ಬಾಗಿಲ ಹತ್ತಿರ ನಿಂತಿದ್ದ ವರ್ಲೀನ್ "ನಾನೇ ಮಾಡಿದ್ದು" ಅಂದಳು. ಕುರ್ಚಿ ಸಾಲಿನಲ್ಲಿ ಇಷ್ಟು ದಿನ ನನ್ನ ಪಕ್ಕದಲ್ಲೇ ಕೂತವಳು. ಗುಂಡು ಹಾರಿಸಿದ್ದು ಅವಳ ಮೊಮ್ಮಗ ಜಾವನ್ ಎಂದು ಇಡೀ ಬೀದಿಗೆ ಗೊತ್ತು. ಫೋನಿನಲ್ಲಿ ಒಬ್ಬರನ್ನೊಬ್ಬರು ಹೀಯಾಳಿಸಿದ ಒಂದು ವಿಡಿಯೋಗೆ ಇಷ್ಟೆಲ್ಲ!

ತಟ್ಟೆಗಳು ಒಂದೊಂದಾಗಿ ಮೇಜಿಗೆ ವಾಪಸು ಬಂದವು. "ಮೊಮ್ಮಗ ಸಾಯಿಸ್ತಾನೆ, ಅಜ್ಜಿ ಬಡಿಸ್ತಾಳೆ, ಚೆನ್ನಾಗಿದೆ!" ಅಂದ ಡೆಶಾನ್. ರುಡೆಲ್ ಎದ್ದು ಬಂದು ಅವನ ಪಕ್ಕ ನಿಂತ. ನನಗೆ ಆಗ ಏನನ್ನಿಸಿತೋ ಗೊತ್ತಿಲ್ಲ, ನನ್ನ ತಟ್ಟೆ ಹಿಡಿದು ಮೇಜಿನ ಹತ್ತಿರ ಹೋದೆ. "ನಂಗೆ ಹಾಕೇ ವರ್ಲೀನ್. ಅಂಚಿಂದು ಹಾಕು, ಸೀದಿರೋದು" ಅಂದೆ. ಅವಳು ಬಾಗಿಲಿಂದ ಬಂದು ಬಡಿಸಿದಳು. ಎಲ್ಲರೂ ನೋಡುತ್ತಿರುವಂತೆಯೇ ಅಲ್ಲೇ ನಿಂತು ತಿಂದೆ. "ಉಪ್ಪು ಕಮ್ಮಿ ಆಗಿದೆ ಕಣೇ" ಅಂದದ್ದಕ್ಕೆ ಅವಳು ಚಮಚ ಹಿಡಿದುಕೊಂಡೇ, "ನಿನ್ ಬಿಪಿಗೆ ಅಂತಲೇ ಕಮ್ಮಿ ಹಾಕ್ದೆ" ಅಂದಳು. ಆಮೇಲೆ ಇನ್ನೂ ನಾಲ್ಕೈದು ಮುದುಕಿಯರು ಬಂದು ಹಾಕಿಸಿಕೊಂಡರು. ಹುಡುಗರು ಒಬ್ಬರೂ ಮುಟ್ಟಲಿಲ್ಲ.

ಈಗ ನಿನ್ನ ವಿಷಯ. ಮೈಕಾನ ಮುಖ ಅಚ್ಚು ಹಾಕಿಸಿದ ಅಂಗಿ ತೊಟ್ಟುಕೊಂಡು ಡೆಶಾನ್ ಮತ್ತವನ ಜೊತೆಯವರು ದಿನಾ ನನ್ನ ಅಡುಗೆಮನೆಗೆ ಬಂದು ಕೂರುತ್ತಾರೆ. "ಡಾರಿಯಸಣ್ಣ ಏನ್ ಹೇಳ್ತಾನೋ ಹಾಗೆ" ಅನ್ನುವುದು ಅವರ ಒಂದೇ ಮಾತು. ಬರುವ ಭಾನುವಾರ ನೀನು ಫೋನ್ ಮಾಡುವ ಹೊತ್ತಿಗೆ ಎಲ್ಲರೂ ಇಲ್ಲೇ ಇರುತ್ತಾರೆ, ರುಡೆಲ್ ಕೂಡ. ಮರುದಿನ ಬೆಳಿಗ್ಗೆ ಅವನೂ ವರ್ಲೀನಳೂ ವಕೀಲರನ್ನು ಕರೆದುಕೊಂಡು ಹೋಗಿ ಜಾವನ್‌ನನ್ನು ಪೊಲೀಸರಿಗೆ ಒಪ್ಪಿಸುತ್ತಾರೆ. ಅಲ್ಲಿಯವರೆಗೆ ಆ ಹುಡುಗನ ಜೀವ ಉಳಿಯಬೇಕು. 'ಯಾರೂ ಹೋಗ್ಬೇಡಿ' ಎಂದು ನೀನು ನೇರವಾಗಿ ಹೇಳಬೇಕು. 'ನಿಮಗೆ ಬಿಟ್ಟಿದ್ದು' ಅಂದೆಯೋ, ಹೋಗಿ ಅಂದ ಹಾಗೆಯೇ. ನಿನಗೆ ಸಿಟ್ಟಿದೆ, ಇರಬೇಕಾದ್ದೇ. ಆದರೆ ಇನ್ನೊಂದು ಸೂಟು ಕೊಳ್ಳಲು, ಇನ್ನೊಂದು ತಲೆ ಬಾಚಲು ನನ್ನ ಕೈಲಾಗದು.

ಊಟ ಬಿಡಬೇಡ. ಪಕ್ಕದ ಮನೆಯವಳು, ಪಾದ್ರಿಗಳು ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ದೇವರು ನಿನ್ನನ್ನು ಆ ಗೋಡೆಗಳೊಳಗೂ ಕಾಯಲಿ. ನನಗೀಗ ಉಳಿದಿರುವವನು ನೀನೊಬ್ಬನೇ.

ನಿನ್ನ ಅಜ್ಜಿ,
ಒಡೆಸ್ಸಾ

ತಾ.ಕ.: ಟಪಾಲಿನವಳು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅವತ್ತು ತಿಂದದ್ದೆಲ್ಲ ಚರ್ಚಿನ ಬಚ್ಚಲಲ್ಲಿ ವಾಂತಿಯಾಯಿತು. ಅದು ಯಾರಿಗೂ ಗೊತ್ತಿಲ್ಲ. ನಾನು ತಿಂದೆನಲ್ಲ, ಅದನ್ನು ನಂಬಿ ವರ್ಲೀನ್ ಹೊರಡುವಾಗ ನನ್ನ ಕೈ ಹಿಡಿದುಕೊಂಡು ಅಡಗಿಕೊಂಡಿರುವ ಜಾವನ್ ಎಲ್ಲಿ ಮಲಗುತ್ತಾನೆಂದು ಕಿವಿಯಲ್ಲಿ ಹೇಳಿದಳು. "ನಂಗೇನಾದ್ರೂ ಆದ್ರೆ ಅವನಿಗೆ ಊಟ ಕೊಡು" ಅಂದಳು. ನಿನ್ನೆ ಡೆಶಾನ್ "ನಿಮಗೇನಾದ್ರೂ ಗೊತ್ತಾ ಅಜ್ಜಿ?" ಅಂದಾಗ ಆ ಬೀದಿಯ ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕೆಮ್ಮಿ ತಡೆದುಕೊಂಡೆ. ಭಾನುವಾರದವರೆಗೆ ಹೇಗೋ ತಡೆಯುತ್ತೇನೆ. ಆದ್ದರಿಂದ ಹುಡುಗರಿಗೆ ಹೇಳುವ ಮೊದಲು ನನಗೆ ಹೇಳು ಮಗಾ. ಫೋನ್ ಎತ್ತಿದ ಕೂಡಲೇ 'ಬೇಡ ಅಜ್ಜಿ' ಅನ್ನು.