ಕಾರ್ಡಿನ ನಾಲ್ಕನೇ ಸಾಲು

ಎಟೋಬಿಕೋ
೨೭ ಜುಲೈ ೨೦೨೫, ರವಿವಾರ

ಚಿ. ಸಾಹಿತ್ಯಾ,

ಅವ್ವನ ಆಶೀರ್ವಾದ. ಎಷ್ಟೇ ಸಿಟ್ಟಿದ್ದರೂ ಮೊದಲು ಆಶೀರ್ವಾದ ಬರೆಯಬೇಕೆಂದು ಹಿರಿಯರು ಕಲಿಸಿದ್ದಾರೆ. ಬರೆದೆ. ಇನ್ನು ಸಿಟ್ಟಿಗೆ ಬರುತ್ತೇನೆ.

ನೀನು ಕಾನಾಜಾವಾದಿಂದ ಕಳಿಸಿದ ಕಾರ್ಡು ಮಂಗಳವಾರ ಬಂತು. ಮೂಲೆಯಲ್ಲಿ ಕಲ್ಲಂಗಡಿ ಹೋಳಿನ ಚಿತ್ರ, ಉಳಿದಂತೆ ಮೇಲಿನಿಂದ ಕೆಳಕ್ಕೆ ಬ್ರಶ್ಶಿನಲ್ಲಿ ಬರೆದ ಐದು ಸಾಲು ಜಪಾನಿ. ಬಿಸಿಲು ಏರಿದಾಗ ಹೀಗೆ ಕಾರ್ಡು ಬರೆದು ತಮ್ಮವರ ಕ್ಷೇಮ ಕೇಳುವುದು ಅಲ್ಲಿಯ ಪದ್ಧತಿ, ನಿಮ್ಮ ಬೇಸಿಗೆ ಕ್ಲಾಸಿನವರೆಲ್ಲ ಮನೆಗೆ ಬರೆಯುತ್ತಿದ್ದೀರಿ ಎಂದು ಫೋನಿನಲ್ಲಿ ಹೇಳಿದ್ದೆ. ಒಳ್ಳೆಯ ಪದ್ಧತಿಯೇ. ಆದರೆ ಓದಬೇಕಾದವಳು ನಾನು ತಾನೆ? ನನಗೆ ಬಾರದ ಲಿಪಿಯಲ್ಲಿ ನನ್ನ ಕ್ಷೇಮ ಕೇಳಿದರೆ ನಾನು ಏನೆಂದು ಉತ್ತರ ಕೊಡಲಿ?

ನಿನ್ನ ಅಪ್ಪ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ಭಾಳ ಚಂದ ಐತಿ, ಫ್ರಿಜ್ಜಿಗೆ ಹಚ್ಚು" ಎಂದರು. ಅವರ ಪಾಲಿಗೆ ಯಾವ ಕಾಗದ ಬಂದರೂ ಫ್ರಿಜ್ಜೇ ಗತಿ. ನಾನು ಅದರ ಮೇಲೆ ಫೋನು ಹಿಡಿದು ನೋಡಿದೆ. ಕಲ್ಲಂಗಡಿ ತಾಯಿ ಬಿಸಿಯಾಗಿದ್ದಾಳೆ ಎಂದು ಇಂಗ್ಲಿಷಿನಲ್ಲಿ ತೋರಿಸಿತು. ಆಗ ಆಗಿರಲಿಲ್ಲ, ಈಗ ಆಗಿದ್ದೇನೆ.

ಗುರುವಾರ ಬೋಲ್ಟನ್‌ನಲ್ಲಿ ಶಿಫ್ಟು ಮುಗಿಸಿ, ವೇರ್‌ಹೌಸಿನ ಬೂಟು ಸಹ ಬಿಚ್ಚದೆ, ಇಲ್ಲಿಯ ಜಪಾನಿ ಕಿರಾಣಿ ಅಂಗಡಿಗೆ ಹೋದೆ. ಗಲ್ಲೆಯ ಮೇಲಿದ್ದ ವಯಸ್ಸಾದ ಹೆಂಗಸು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಒಂದೊಂದೇ ಸಾಲನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದರು. ಮೊದಲನೆಯದರಲ್ಲಿ ಬಿಸಿಲು ಹೇಗಿದೆ ಎಂದು ಕೇಳಿದ್ದೀಯ. ಎರಡನೆಯದರಲ್ಲಿ ನೀನು ಸುಖವಾಗಿದ್ದೀಯ. ಮೂರರಲ್ಲಿ, ನೀನಿರುವ ಮನೆಯ ಅಜ್ಜಿ, "ಅಮ್ಮನಿಗೆ ಅಮ್ಮನ ಭಾಷೆಯಲ್ಲೇ ಬರೆ" ಎಂದರಂತೆ. ನಾಲ್ಕನೆಯದನ್ನು ಆಕೆ ಮೊದಲು ಮನಸ್ಸಿನಲ್ಲಿ ಓದಿಕೊಂಡು, ಆಮೇಲೆ ಹೇಳಿದರು: "ನನ್ನ ಅಮ್ಮನ ಭಾಷೆ ಬರೆಯುವುದನ್ನು ನನಗೆ ಯಾರೂ ಕಲಿಸಲಿಲ್ಲ." ಐದರಲ್ಲಿ ಕ್ಷಮೆ ಕೇಳಿದ್ದೀಯ. ನನ್ನ ಹಿಂದೆ ಅಕ್ಕಿ ಚೀಲ ಹಿಡಿದು ಮೂರು ಜನ ನಿಂತಿದ್ದರು. ಮಗಳ ಕೈಬರಹ ತುಂಬ ಚೆನ್ನಾಗಿದೆ ಎಂದು ಹೇಳಿ ಆಕೆ ಕಾರ್ಡು ವಾಪಸು ಕೊಟ್ಟರು. ನನಗೆ ಮುಖ ಎತ್ತಲಾಗಲಿಲ್ಲ.

ಯಾರೂ ಕಲಿಸಲಿಲ್ಲವೇ? ಯಾರೂ?

ಪ್ರತಿ ಶನಿವಾರ ಎರಡು ಬಸ್ಸು, ನಡುವೆ ಒಂದು ಸಬ್‌ವೇ ಹಿಡಿದು, ನಿನ್ನನ್ನು ಇಲ್ಲಿಂದ ಸ್ಕಾರ್‌ಬರೋದ ಕನ್ನಡ ಕ್ಲಾಸಿಗೆ ಕರೆದುಕೊಂಡು ಹೋದವರು ಯಾರು? ಜನವರಿಯ ಹಿಮದಲ್ಲಿ ಬಸ್‌ಸ್ಟಾಪಿನಲ್ಲಿ ನನ್ನ ಕೋಟಿನೊಳಗೆ ನಿನ್ನನ್ನು ಸೇರಿಸಿಕೊಂಡು ನಿಂತವಳು ಯಾರು? ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ, ಚೀಲದಲ್ಲಿ ಆನೆಯ ಚಿತ್ರದ ನೋಟ್‌ಬುಕ್ಕು. ಅರುಂಧತಿ ಟೀಚರು ನಿನ್ನ ಕೈ ಹಿಡಿದು ತಿದ್ದಿಸಿದರು. ನಾಲ್ಕು ತಿಂಗಳಿಗೆ ಒಲ್ಲೆ ಎಂದು ಅತ್ತು ಕರೆದು ಬಿಟ್ಟವಳು ನೀನು. ನಿನ್ನ ಅಪ್ಪನನ್ನು ಕೇಳು. ಗುರುಬಸವ್ವ ಅತ್ತೆಯನ್ನು ಕೇಳು. ಯುಗಾದಿ ಊಟಕ್ಕೆ ಹೋದಲ್ಲೆಲ್ಲ ಅವರು, "ಹೆಸರಷ್ಟ ಸಾಹಿತ್ಯ, ಅಕ್ಷರ ಅಂದ್ರ ಒಲ್ಲೆ ಅಂತಾಳ" ಎಂದು ನಗುತ್ತಿದ್ದುದು ನಿನಗೂ ಗೊತ್ತು. ನೀನು ತಲೆ ಬಗ್ಗಿಸಿ ಹೋಳಿಗೆ ತಿನ್ನುತ್ತಿದ್ದೆ. ಆ ನೋಟ್‌ಬುಕ್ಕು ಬೇಸ್‌ಮೆಂಟಿನಲ್ಲಿ ಎಲ್ಲೋ ಇದೆ. ಹುಡುಕಿ ಸಾಕ್ಷಿಗೆಂದು ಇದರ ಜೊತೆಗೇ ಕಳಿಸುತ್ತೇನೆ.

ಅಲ್ಲಿ ಮೊಣಕಾಲೂರಿ ಗಂಟೆಗಟ್ಟಲೆ ಕೂತು ಒಂದೇ ಅಕ್ಷರವನ್ನು ನೂರು ಸಲ ಬರೆಯುತ್ತೀಯಂತೆ. ಬರೆಯುವ ಮೊದಲು ಮಸಿ ತೇಯುತ್ತೀಯಂತೆ. ಊಟಕ್ಕೆ ಮುಂಚೆ ಕೈಮುಗಿಯುತ್ತೀಯ, ನೆಲದ ಮೇಲೆ ಕೂತು ಉಣ್ಣುತ್ತೀಯ, ಎದ್ದ ಕೂಡಲೇ ಹಾಸಿಗೆ ಸುತ್ತಿಡುತ್ತೀಯ, ಶಾಲೆಯ ನೆಲವನ್ನೂ ಒರೆಸುತ್ತೀಯ. ಫೋಟೋ ಕಳಿಸಿದ್ದೀಯ, ನೋಡಿದೆ. ಇಲ್ಲಿ ಇಪ್ಪತ್ತು ವರ್ಷ ಹಾಸಿಗೆ ಸುತ್ತು ಎಂದು ನಾನು ಹೇಳಿದರೆ ಕಿರಿಕಿರಿ, ಅಲ್ಲಿ ಅದೇ ಸಂಸ್ಕೃತಿ! ಬೂಟು ಹೊರಗೆ ಬಿಡುವುದು ಎಷ್ಟು ಸುಂದರವಾದ ಪದ್ಧತಿ ಎಂದು ನನಗೇ ವಿವರಿಸಿದ್ದೀಯಲ್ಲ, ನಮ್ಮ ಮನೆಯಲ್ಲಿ ಬೂಟು ಹಾಕಿಕೊಂಡು ಒಳಗೆ ಬರುತ್ತಿದ್ದೆವೇನೇ? ಆರು ವಾರದಲ್ಲಿ ಜಪಾನಿಯ ಮೂರು ಲಿಪಿಗಳಲ್ಲಿ ಎರಡು ಪೂರ್ತಿ, ಮೂರನೆಯದು ಅರ್ಧಂಬರ್ಧ ಬಂತಂತೆ. ಸಂತೋಷ. ಸಂತೋಷವಾದದ್ದಕ್ಕೇ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಈ ಪತ್ರ ಕನ್ನಡದಲ್ಲಿ. ಮೂರು ಸಲ ಹರಿದು ಬರೆದಿದ್ದೇನೆ. ಇದನ್ನು ಯಾರು ಓದಿದರೂ ನಗಬಾರದೆಂದು ಪುಸ್ತಕದ ಕನ್ನಡವನ್ನೇ ಬಳಸಿದ್ದೇನೆ. ಕೈಸೇರಿದ ದಿನ ಫೋನು ಮಾಡು. ಪ್ರತಿ ಇಟ್ಟುಕೊಂಡಿದ್ದೇನೆ, ನಾನು ಓದುತ್ತೇನೆ. ಮಾತು ನಿನಗೆ ಹೇಗೂ ತಿಳಿಯುತ್ತದೆ. ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಾ. ಬೈಗುಳ ಬಂದಾಗ ಬೆರಳು ತೆಗೆಯಬೇಡ.

ಆ ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಮಜ್ಜಿಗೆ ಸಿಗದಿದ್ದರೆ ನೀರನ್ನಾದರೂ ಚೆನ್ನಾಗಿ ಕುಡಿ. ಇಲ್ಲಿಯೂ ಬಿಸಿಲು ಜೋರಾಗಿದೆ. ನಿನ್ನ ಮೊದಲನೇ ಸಾಲಿಗೆ ಇದೇ ಉತ್ತರ.

ನಿನ್ನ ಮೇಲೆ ಸಿಟ್ಟಾಗಿರುವ,
ಅವ್ವ
ರಾಜೇಶ್ವರಿ

ತಾ. ಕ.: ಫೋನಿನಲ್ಲಿ ನಾನು ಓದುವುದು ಸಹಿಯ ತನಕ ಮಾತ್ರ. ಇಲ್ಲಿಂದ ಮುಂದೆ ದೊಡ್ಡ ಅಕ್ಷರದಲ್ಲಿ ಬಿಡಿಬಿಡಿಯಾಗಿ ಬರೆದಿದ್ದೇನೆ. ಅಕ್ಷರಮಾಲೆಯನ್ನು ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ. ಎಷ್ಟು ದಿನವಾದರೂ ಆಗಲಿ, ನೀನೇ ಓದು. ಬಾಯಿಂದ ಹೇಳಲು ನನಗೆ ಧೈರ್ಯವಿಲ್ಲ.

ಸಹಿ ಹಾಕಿ ನೋಟ್‌ಬುಕ್ಕು ಹುಡುಕಲು ಹೋದೆ. ಸಿಕ್ಕಿತು. ಕೊನೆಯ ಪುಟದಲ್ಲಿ ಟೀಚರು ಮುಂದಿನ ಶನಿವಾರಕ್ಕೆಂದು ಕೊಟ್ಟ ಮನೆಪಾಠವನ್ನು ನೀನು ಬರೆದು ಮುಗಿಸಿದ್ದೀಯ. ಒಂದೂ ತಪ್ಪಿಲ್ಲ. ಆ ಶನಿವಾರ ನಾವು ಹೋಗಲೇ ಇಲ್ಲ.

ನೀನು ಅತ್ತಿರಲಿಲ್ಲ, ಒಲ್ಲೆ ಎಂದೂ ಅಂದಿರಲಿಲ್ಲ. ಅದರ ಹಿಂದಿನ ವಾರ, ಮಕ್ಕಳಿಗಾಗಿ ಕಾಯುತ್ತಿದ್ದ ತಾಯಂದಿರ ನಡುವೆ ನಾನು ಏನೋ ಮಾತಾಡಿದೆ. ನಮ್ಮ ಕಡೆಯ ಧಾಟಿ ಕೇಳಿ ಬೆಂಗಳೂರಿನ ಒಬ್ಬಾಕೆ, "ಇನ್ನೊಂದ್ಸಲ ಹೇಳಿ ಪ್ಲೀಸ್, ಕೇಳೋಕೆ ಮಜಾ ಇದೆ" ಎಂದರು. ಎಲ್ಲರೂ ನಕ್ಕರು. ಆಗ ತಾನೆ ಹೊರಗೆ ಬಂದ ನೀನು, ಏನೂ ತಿಳಿಯದೆ, ಅವರ ಜೊತೆ ನಕ್ಕೆ. ಎಂಟು ವರ್ಷದ ಕೂಸು. ಮುಂದಿನ ಶನಿವಾರ ನೀನು ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಕ್ಲಾಸು ಮುಚ್ಚಿದೆ ಎಂದು ನಿನಗೆ ಹೇಳಿದೆ. ಮಗಳೇ ಒಲ್ಲೆ ಎನ್ನುತ್ತಾಳೆ ಎಂದು ಊರಿಗೆಲ್ಲ ಹೇಳಿದೆ. ಹನ್ನೆರಡು ವರ್ಷ ಗುರುಬಸವ್ವ ಅತ್ತೆ ನಕ್ಕಾಗಲೆಲ್ಲ ನೀನು ನನ್ನ ಮುಖ ನೋಡಿ ತಲೆ ಬಗ್ಗಿಸುತ್ತಿದ್ದೆ. ಒಮ್ಮೆಯೂ ಎದುರಾಡಲಿಲ್ಲ.

ನಿನ್ನ ನಾಲ್ಕನೇ ಸಾಲು ಖರೆ ಐತಿ. ಮನೀಗೆ ಬಾ. ನಾನ ಕಲಿಸ್ತೇನಿ, ನಾವು ಮಾತಾಡೂ ಹಂಗ.