ವಿಭೂತಿ ಇಟ್ಟ ಪೆಟ್ಟಿಗೆ

ಹುಣಸೂರು, ಆಸ್ಪತ್ರೆಯ ಗಂಡಸರ ವಾರ್ಡು
೯-೧೦-೨೦೨೫, ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಮಂಗಳಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಈ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು ಹೋಗಿ, ಬಾಗಿಲ ಮೇಲಿನ ಮೀಟರ್ ಬೋರ್ಡಿನಲ್ಲಿ ಮೇನ್ ಸ್ವಿಚ್ ಆಫ್ ಮಾಡು. ಕಾಲಿಗೆ ಚಪ್ಪಲಿ ಇರಲಿ, ಕೈ ಒಣಗಿರಲಿ. ಆಮೇಲೆ ನಾನು ಭಾನುವಾರ ಕಳಿಸಿದ ರೇಡಿಯೋ ಪೆಟ್ಟಿಗೆಯ ಪ್ಲಗ್ಗನ್ನು ಗೋಡೆಯಿಂದ ಕಿತ್ತುಹಾಕು. ಅದರ ಮುಂದಿರುವ ಹಿತ್ತಾಳೆ ಗುಂಡಿಗಳನ್ನು ಮುಟ್ಟಬೇಡ, ಹಿಂದಿನ ಹಲಗೆ ಬಿಚ್ಚಬೇಡ. ಪ್ಲಗ್ ಕಿತ್ತ ಮೇಲೂ ಒಳಗಿನ ಕಂಡೆನ್ಸರುಗಳಲ್ಲಿ ಕರೆಂಟು ಅವಿತು ಕೂತಿರುತ್ತದೆ. ಪುಟ್ಟಿಯನ್ನೂ ಮಗುವನ್ನೂ ಆ ಪೆಟ್ಟಿಗೆಯಿಂದ ದೂರ ಕೂರಿಸಿ, ಇಷ್ಟನ್ನೆಲ್ಲ ಮಾಡಿ ಬಂದು ಮುಂದಿನದನ್ನು ಓದು. ಓದುತ್ತಾ ಓದುತ್ತಾ ಮಾಡುವುದಲ್ಲ, ಮಾಡಿ ಬಂದು ಓದುವುದು. ನಿನ್ನ ಸ್ವಭಾವ ನನಗೆ ಗೊತ್ತು.

ಮಾಡಿದೆ ಅಂದುಕೊಂಡು ಮುಂದೆ ಬರೆಯುತ್ತೇನೆ. ನೀನು ಹೇಗಿದ್ದೀಯ? ಸೊಂಟ ಹಿಡಿದುಕೊಂಡಿದ್ದು ಬಿಟ್ಟಿತೇ? ಪುಟ್ಟಿ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆಯೇ, ಹಾಲು ಸಾಕಾಗುತ್ತಿದೆಯೇ? ಮೂರು ವಾರ ಮೊದಲೇ ಹುಟ್ಟಿದ ಕೂಸು, ಡಾಕ್ಟರು ಆ ಹಳ್ಳದಿಣ್ಣೆಯ ರಸ್ತೆಯಲ್ಲಿ ಕರೆದುಕೊಂಡು ಹೋಗಬೇಡಿ ಎಂದರು ಎಂದು ಮಗಳ ಬಾಣಂತನ ಮಾಡಲು ನೀನೇ ಅಲ್ಲಿಗೆ ಹೋಗಬೇಕಾಯಿತು. ಮೊಮ್ಮಗಳ ಮುಖವನ್ನು ಇನ್ನೂ ಫೋಟೋದಲ್ಲಿ ಮಾತ್ರ ನೋಡಿದ್ದೇನೆ. ಇವತ್ತು ಹದಿಮೂರನೇ ದಿನ, ಸಂಜೆ ಐದಕ್ಕೆ ತೊಟ್ಟಿಲು. ನಾನೂ ಈ ಹೊತ್ತಿಗೆ ಬಿಳಿ ಪಂಚೆ ಉಟ್ಟು ಅಮ್ಮನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಇರಬೇಕಿತ್ತು. ಅದರ ಬದಲು ಆಸ್ಪತ್ರೆಯ ಮಂಚದ ಮೇಲೆ ಎದೆಗೆ ವೈರು ಅಂಟಿಸಿಕೊಂಡು ಕೂತಿದ್ದೇನೆ. ಗಾಬರಿಯಾಗಬೇಡ. ಬಲಗೈಯ ಎರಡು ಬೆರಳು ಸುಟ್ಟಿದೆ, ಮಣಿಕಟ್ಟು ಊದಿದೆ, ಅಷ್ಟೇ. ಎದೆಬಡಿತ ಒಂದೊಂದು ಸಲ ತಪ್ಪುತ್ತಿದೆಯಂತೆ, ಅದಕ್ಕೆ ನಾಳೆಯವರೆಗೆ ಎದ್ದು ಓಡಾಡಬೇಡಿ ಅಂದಿದ್ದಾರೆ. ಅಕ್ಷರ ಕೋಳಿ ಕೆದಕಿದ ಹಾಗಿರುವುದು ಎಡಗೈಯಲ್ಲಿ ಬರೆಯುತ್ತಿರುವುದಕ್ಕೆ.

ಬೆಳಿಗ್ಗೆಯಿಂದ ನಿನಗೆ ಹನ್ನೊಂದು ಸಲ, ಅಳಿಯ ವಿರೂಪಾಕ್ಷನಿಗೆ ಏಳು ಸಲ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎನ್ನುವ ಆ ಹೆಂಗಸಿನ ದನಿ ಕೇಳಿ ಕೇಳಿ ಸಾಕಾಗಿದೆ. ನೀವಿರುವ ಶಾಲೆ ಕ್ವಾರ್ಟರ್ಸಿನ ಹಿಂದಿನ ಬಂಡೆ ಹತ್ತಿದರೆ ಮಾತ್ರ ಸಿಗ್ನಲ್ಲು. ತೊಟ್ಟಿಲ ಕೆಲಸ ಬಿಟ್ಟು ಇವತ್ತು ಯಾರು ಬಂಡೆ ಹತ್ತುತ್ತಾರೆ. ಡ್ರೈವರ್ ಚೆಲುವರಾಜು ಹನ್ನೆರಡೂವರೆಗೆ ಇಲ್ಲಿಂದ ಬಸ್ಸು ಬಿಟ್ಟು ಹ್ಯಾಂಡ್‌ಪೋಸ್ಟ್ ದಾಟಿ ನಾಲ್ಕಕ್ಕೆ ನಿಮ್ಮ ಶಾಲೆಯ ಗೇಟಿಗೆ ಬರುತ್ತಾನೆ. ಈ ಕಾಗದ ಅವನ ಜೇಬಿನಲ್ಲಿ ಬರುತ್ತದೆ. ಬಾಯಲ್ಲೂ ಹೇಳಿದ್ದೇನೆ. ಆದರೆ ಅವನ ಬಾಯಲ್ಲಿ ಹೋದ ಸುದ್ದಿ ನಿನ್ನ ಕಿವಿಗೆ ಬೀಳುವಾಗ 'ರೇಡಿಯೋ ಯಾಕೋ ಸರಿ ಇಲ್ವಂತೆ ಕಣಕ್ಕ' ಅಂತ ಆಗಿರುತ್ತದೆ. ಸರಿ ಇಲ್ಲ ಎಂದು ಕೇಳಿದರೆ ಏನು ಸರಿ ಇಲ್ಲ ನೋಡೋಣ ಎಂದು ಗುಂಡಿ ತಿರುಗಿಸುವ ಹೆಂಗಸು ನೀನು. ಮೂವತ್ತೊಂದು ವರ್ಷ ರೇಡಿಯೋ ರಿಪೇರಿಯವನ ಜೊತೆ ಬಾಳಿದ್ದೀಯ, ಹೆದರಿಕೆ ಬಿಟ್ಟುಹೋಗಿದೆ. ನಿನಗೆ ಹೆದರಿಕೆ ಇಲ್ಲ ಎನ್ನುವುದೇ ಇವತ್ತು ನನ್ನ ಹೆದರಿಕೆ.

ಆದದ್ದು ಹೇಳುತ್ತೇನೆ. ರಾವಂದೂರಿನ ಹತ್ತಿರ ಹೊಗೆಸೊಪ್ಪಿನ ವ್ಯಾಪಾರಿಯ ಬಂಗಲೆ ಕೆಡವುವಾಗ ನಾನೊಂದು ರೇಡಿಯೋಗ್ರಾಮ್ ತಂದಿದ್ದು ನಿನಗೆ ನೆನಪಿದೆಯಲ್ಲ. ಊಟದ ಟೇಬಲ್ಲಿನಷ್ಟು ಉದ್ದ, ರೆಕಾರ್ಡು ತಿರುಗುವ ಜಾಗದಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ಇಂಥ ಕೊಳಕನ್ನು ಒಳಗೆ ತರಬೇಡಿ ಎಂದು ನೀನು ಮೂರು ದಿನ ಅಂಗಳದಲ್ಲೇ ನಿಲ್ಲಿಸಿದ್ದೆ. ಗೆದ್ದಲು ಕೆಳಗಿನ ಹಲಗೆ ತಿಂದಿತ್ತು, ಒಳಗಿನದು ಮಾತ್ರ ಗಟ್ಟಿಯಿತ್ತು. ಬಲ್ಬಿನಂಥ ಗಾಜಿನ ವಾಲ್ವುಗಳನ್ನು ಒರೆಸಿ ಕರೆಂಟು ಕೊಟ್ಟರೆ ಅರವತ್ತು ವರ್ಷದ ಮೇಲೂ ಸಣ್ಣಗೆ ಕೆಂಪಾದವು. ಅದು ಸ್ಟೀರಿಯೋ ಆದದ್ದರಿಂದ ಎಡಕ್ಕೊಂದು ಬಲಕ್ಕೊಂದು ಎಂದು ಒಂದೇ ಥರದ ಎರಡು ಆಂಪ್ಲಿಫಯರ್ ಇದ್ದವು. ಅವನ್ನು ಬೇರೆ ಮಾಡಿ ಎರಡು ಪೆಟ್ಟಿಗೆ ಮಾಡೋಣ, ಒಂದು ಪುಟ್ಟಿಯ ಮನೆಗೆ ಒಂದು ಬಿಳಿಕೆರೆಯ ನಮ್ಮ ಮನೆಗೆ ಎಂದು ಆಸೆಯಾಯಿತು. ಎರಡನೆಯದಕ್ಕೆ ಬೇಕಾದ ಟ್ರಾನ್ಸ್‌ಫಾರ್ಮರು, ಸ್ಟೇಷನ್ ಹಿಡಿಯುವ ಟ್ಯೂನರು ಕೆ.ಆರ್.ನಗರದ ಗುಜರಿಯಲ್ಲಿ ಸಿಕ್ಕಿದವು. ಒಳ್ಳೆಯ ತೇಗದ ಹಲಗೆ ಆರಿಸಿ ಪೆಟ್ಟಿಗೆ ಮಾಡಿದೆ. ಪ್ಲಾಸ್ಟಿಕ್ ಗುಂಡಿಗಳು ಒಡೆದಿದ್ದವು, ಅದಕ್ಕೆ ನಿಮ್ಮಮ್ಮನ ಕಾಲದ ಒಡಕು ಗಿಂಡಿಯನ್ನು ಕರಗಿಸಿ ಹಿತ್ತಾಳೆ ಗುಂಡಿ ಮಾಡಿಸಿದೆ. ಮೊಮ್ಮಗಳು ದೊಡ್ಡವಳಾಗಿ ಮುತ್ತಜ್ಜಿಯ ಗಿಂಡಿಯನ್ನು ತಿರುಗಿಸಿ ಹಾಡು ಕೇಳಲಿ ಎಂದುಕೊಂಡೆ. ಎಷ್ಟು ಚೆನ್ನಾಗಿ ಕಂಡಿತು ಎಂದರೆ ನನ್ನ ಕೆಲಸಕ್ಕೆ ನಾನೇ ಸೋತೆ.

ಈಗ ಆ ಹಿತ್ತಾಳೆಯೇ ಮುಳುವಾಯಿತು. ಇಂಥ ಹಳೇ ಸೆಟ್ಟುಗಳಲ್ಲಿ ಮನೆಯ ಕರೆಂಟು ಒಳಗೆ ಬರುವ ಕಡೆ, ಆ ತಂತಿಗೂ ತಗಡಿನ ತಳಕ್ಕೂ ನಡುವೆ, ಮೇಣ ಮೆತ್ತಿದ ಒಂದು ಕಾಗದದ ಕಂಡೆನ್ಸರ್ ಇರುತ್ತದೆ. ವಯಸ್ಸಾದ ಮೇಲೆ ಅದು ಸೋರುತ್ತದೆ. ಸೋರಿದರೆ ತಗಡಿಗೆ ಕರೆಂಟು, ತಗಡಿನಿಂದ ಗುಂಡಿಗೆ, ಗುಂಡಿಯಿಂದ ಮುಟ್ಟಿದವರಿಗೆ. ಪ್ಲಾಸ್ಟಿಕ್ ಗುಂಡಿಯಾದರೆ ತಡೆಯುತ್ತದೆ, ಹಿತ್ತಾಳೆ ತಡೆಯುವುದಿಲ್ಲ. ಅದಕ್ಕೇ ಅದನ್ನು ಕತ್ತರಿಸಿ ಎಸೆದು ಹೊಸದು ಹಾಕಬೇಕು, ಸೀಳು ಬಿಟ್ಟ ರಬ್ಬರ್ ತಂತಿಗಳನ್ನೆಲ್ಲ ಬದಲಿಸಬೇಕು, ಆಮೇಲೆ ಸೆಟ್ಟನ್ನು ಬಲ್ಬಿನ ಜೊತೆ ಜೋಡಿಸಿ ಒಂದು ಪೂರ್ತಿ ಹಗಲು ಓಡಿಸಿ ಟೆಸ್ಟರ್ ಹಿಡಿದು ನೋಡಬೇಕು. ಎಲ್ಲ ಸರಿಯಿದ್ದರೆ ಮಾತ್ರ ಹಿಂದಿನ ಹಲಗೆಗೆ ವಿಭೂತಿ. ನನಗೆ ಕೆಲಸ ಕಲಿಸಿದ ಸಿದ್ದರಾಜು ಮೇಷ್ಟ್ರು ಇಟ್ಟ ಪದ್ಧತಿ ಅದು. 'ಇಬೂತಿ ಬಿದ್ ಪೆಟ್ಗೆ ಮ್ಯಾಲೆ ಕೂಸ್ನ ಮನುಗುಸ್ಬೋದು ಕಣ್ಲಾ, ಅಂಗಿರ್ಬೇಕು' ಅನ್ನುತ್ತಿದ್ದರು. ನಮ್ಮ ಅಂಗಡಿಯಲ್ಲಿ ವಿಭೂತಿ ಇಲ್ಲದ ಸೆಟ್ಟಿಗೆ ನೀನೂ ಕೈ ಹಾಕುತ್ತಿರಲಿಲ್ಲ.

ಇಲ್ಲೇ ಎಡವಟ್ಟಾಗಿದ್ದು. ನೀನಿಲ್ಲದ ಮನೆಯಲ್ಲಿ ಆಯುಧಪೂಜೆ ಅಮ್ಮನ ಕೈಗೆ ಬಿತ್ತು. ನಾನು ಬಾಳೆಕಂದು ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ಸ್ಕೂಟರು, ಕುಡುಗೋಲು, ಮಿಕ್ಸಿ, ಬಾವಿಯ ಮೋಟಾರು, ನನ್ನ ಸಾಲ್ಡರ್ ಕಡ್ಡಿ, ಮೂಲೆಯಲ್ಲಿದ್ದ ಅರೆಬರೆ ರಿಪೇರಿಯ ಸೆಟ್ಟುಗಳು ಎಲ್ಲಕ್ಕೂ ವಿಭೂತಿ ಬಳಿದು ಹೂ ಮುಡಿಸಿ ಕೂತಿದ್ದಳು. ಈ ಎರಡು ಪೆಟ್ಟಿಗೆಗೂ ಇಟ್ಟಿದ್ದಳು. ಆಮೇಲೆ ನಾನು ವಿಭೂತಿ ನೋಡಿ, ಮುಗಿಸಿಯೇ ಇಟ್ಟಿರಬೇಕು, ವಯಸ್ಸಾಯಿತು ಮರೆತಿದ್ದೇನೆ ಎಂದುಕೊಂಡು, ಒಂದನ್ನು ಭಾನುವಾರ ಚೆಲುವರಾಜು ಬಸ್ಸಿಗೆ ಹಾಕಿದೆ. ನಾನು ಬರುವವರೆಗೂ ಹಚ್ಚಬೇಡಿ, ತೊಟ್ಟಿಲಿಗೆ ಹಾಕಿದ ಮೇಲೆ ನಾನೇ ಗುಂಡಿ ತಿರುಗಿಸುತ್ತೇನೆ ಎಂದು ಚೀಟಿ ಬರೆದಿದ್ದೆ. ಆ ಚೀಟಿಗೆ ನೀನು ಬೆಲೆ ಕೊಟ್ಟಿರಲಿ ಎಂದು ಬೆಳಿಗ್ಗೆಯಿಂದ ಮಾದಪ್ಪನಿಗೆ ಕೈ ಮುಗಿಯುತ್ತಿದ್ದೇನೆ.

ಇವತ್ತು ಏಳು ಗಂಟೆಗೆ ಸ್ನಾನ ಮಾಡಿ ಬಂದವನು, ಹೊರಡುವ ಮೊದಲು ಒಂದು ಹಾಡು ಕೇಳೋಣ ಎಂದು ನಮ್ಮ ಮನೆಯ ಪೆಟ್ಟಿಗೆಗೆ ಪ್ಲಗ್ ಹಾಕಿ, ಒದ್ದೆ ಕಾಲಿನಲ್ಲೇ ನಿಂತು ಗುಂಡಿ ಹಿಡಿದೆ. ಹಿಡಿದದ್ದು ನಾನಲ್ಲ, ಅದು ನನ್ನನ್ನು ಹಿಡಿಯಿತು. ಕೂಗಬೇಕೆಂದರೆ ದವಡೆ ಬಿಚ್ಚಲಿಲ್ಲ. ವಾಲ್ವು ನಿಧಾನಕ್ಕೆ ಕೆಂಪಾಗುವುದು ಕಾಣುತ್ತಿತ್ತು. ಹಾಡು ಕೂಡ ಶುರುವಾಯಿತು ಮಂಗಳಾ. ಅಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದವಳು ಬಂದು ನೋಡಿ, ಕೈಯಲ್ಲಿದ್ದ ಮುದ್ದೆಕೋಲಿನಿಂದ ನನ್ನ ಮಣಿಕಟ್ಟಿಗೆ ಎರಡೇಟು ಹಾಕಿದಳು. ಎರಡನೆಯ ಏಟಿಗೆ ಬಿಟ್ಟಿತು. ಮಣಿಕಟ್ಟು ಊದಿರುವುದು ಕರೆಂಟಿನಿಂದಲ್ಲ, ಎಂಬತ್ತೊಂದು ವರ್ಷದ ಪುಟ್ಟಮಲ್ಲಮ್ಮನ ತೋಳಿನ ಬಲದಿಂದ ಎಂದು ಡಾಕ್ಟರೂ ನಕ್ಕರು. ನನಗೆ ನಗು ಬರಲಿಲ್ಲ. ನೆಲದ ಮೇಲೆ ಬಿದ್ದು ಉಸಿರು ತಿರುಗಿದಾಗ ನನ್ನ ತಲೆಗೆ ಬಂದದ್ದು ಒಂದೇ. ಇದರ ಜೋಡಿ ಅಲ್ಲಿದೆ. ಅದೇ ಕಂಡೆನ್ಸರ್, ಅದೇ ಹಿತ್ತಾಳೆ.

ನಿಮ್ಮ ಕ್ವಾರ್ಟರ್ಸಿನಲ್ಲಿ ಬಚ್ಚಲ ನೀರು ನಡುಮನೆಗೆ ಜಿನುಗುತ್ತದೆ ಎಂದು ನೀನೇ ಹೇಳಿದ್ದೆ. ಬಾಣಂತಿ ಇರುವ ಮನೆ, ದಿನಕ್ಕೆ ಎರಡು ಹೊತ್ತು ಹಂಡೆ ಹಂಡೆ ಬಿಸಿನೀರು, ಒದ್ದೆ ನೆಲ, ಒದ್ದೆ ಕೈ. ಪುಟ್ಟಿ ಎರೆದುಕೊಂಡು ಬಂದು ಮಗುವನ್ನು ಎದೆಗೆ ಒತ್ತಿಕೊಂಡು ಒಂದು ಕೈಯಲ್ಲಿ ಆ ಗುಂಡಿ ಮುಟ್ಟುವ ಚಿತ್ರ ಕಣ್ಣು ಮುಚ್ಚಿದರೂ ಬರುತ್ತದೆ, ತೆರೆದರೂ ಬರುತ್ತದೆ. ಅಲ್ಲಿ ಮುದ್ದೆಕೋಲು ಹಿಡಿದು ಯಾರು ನಿಂತಿರುತ್ತಾರೆ. ನನಗೆ ತುಂಬ ಹೆದರಿಕೆಯಾಗಿದೆ ಮಂಗಳಾ. ನಲವತ್ತು ವರ್ಷದಲ್ಲಿ ನೂರು ಸಲ ಶಾಕ್ ಹೊಡೆಸಿಕೊಂಡವನು, ಹೀಗೆ ಎಂದೂ ಹೆದರಿಲ್ಲ. ಇಲ್ಲಿ ಎದೆಗೆ ಹಚ್ಚಿದ ಮೆಷಿನ್ನು ಆಗಾಗ ಕೂಗುತ್ತದೆ, ಅದಕ್ಕೆ ಕಾರಣ ಡಾಕ್ಟರಿಗೆ ಗೊತ್ತಿಲ್ಲ, ನನಗೆ ಗೊತ್ತು.

ಅಮ್ಮ ಇಲ್ಲೇ ಮಂಚದ ಪಕ್ಕದ ಬೆಂಚಿನಲ್ಲಿ ಕೂತಿದ್ದಾಳೆ. ಬೆಳಿಗ್ಗೆ ನೆಲದಿಂದ ಏಳುತ್ತಲೇ ನಾನು ಅವಳ ಮೇಲೆ ಹರಿಹಾಯ್ದೆ, ಕಂಡಕಂಡದ್ದಕ್ಕೆಲ್ಲ ವಿಭೂತಿ ಬಳಿಯಬೇಡ ಎಂದರೆ ಕೇಳಿದೆಯಾ, ನಿನ್ನ ಮರಿಮೊಮ್ಮಗಳ ಜೀವಕ್ಕೇ ಬಂತಲ್ಲ ಎಂದು. ಆಗಿನಿಂದ ಒಂದು ತೊಟ್ಟು ನೀರು ಕುಡಿದಿಲ್ಲ. ಬುತ್ತಿಯಲ್ಲಿ ತಂದ ಮುದ್ದೆಯನ್ನು ಆ ನಾಲ್ಕು ಬೆರಳಿನ ಕೈಯಲ್ಲೇ ಮುರಿದು ಮುರಿದು ನನಗೆ ತಿನ್ನಿಸಿದಳು, ತಾನು ಮುಟ್ಟಲಿಲ್ಲ. ಉಂಗುರದ ಬೆರಳನ್ನು ಕಬ್ಬಿನ ಗಾಣ ನುಂಗಿದ ದಿನವೂ ಅವಳು ಇಷ್ಟು ಅತ್ತಿರಲಿಲ್ಲವಂತೆ. ಈಗ ನಾನು ಬರೆಯುವುದನ್ನೇ ನೋಡುತ್ತಾ, 'ನಂದೇ ತೆಪ್ಪು ಕಣ್ಲಾ ನಂಜಾ, ಅಂಗೇ ಬರಿ. ಬೈಯಾದಾದ್ರೆ ನಂಗೇ ಬೈಲಿ ಬುಡು' ಅನ್ನುತ್ತಿದ್ದಾಳೆ. ಅವಳಿಗೆ ಓದಲು ಬರುವುದಿಲ್ಲ. ಬರೆದಿದ್ದೇನೆ ಎಂದು ಹೇಳಿದೆ.

ತೊಟ್ಟಿಲ ಶಾಸ್ತ್ರ ನಿಲ್ಲಿಸಬೇಡಿ. ಹಾಡಲು ರೇಡಿಯೋನೇ ಬೇಕೆಂದಿಲ್ಲ, ನೀನು ಹಾಡು, ಪುಟ್ಟಿಯ ತೊಟ್ಟಿಲಿನಲ್ಲೂ ನೀನೇ ಹಾಡಿದ್ದು. ಕೂಸಿಗೆ ನಮ್ಮಿಬ್ಬರ ಆಶೀರ್ವಾದ ಹೇಳಿ ಹಣೆಗೆ ಮುತ್ತಿಡು. ವಿರೂಪಾಕ್ಷನಿಗೆ ಶಾಸ್ತ್ರ ಮುಗಿದ ಕೂಡಲೇ ಬಂಡೆ ಹತ್ತಿ ಒಂದು ಫೋನ್ ಮಾಡಲು ಹೇಳು. ಫೋನ್ ತಲೆದಿಂಬಿನ ಮೇಲಿಟ್ಟುಕೊಂಡು ಕೂತಿರುತ್ತೇನೆ. ಎಲ್ಲರೂ ಇದ್ದೀವಿ ಎನ್ನುವ ಒಂದು ಮಾತು ಸಾಕು.

ಎಡಗೈಯಲ್ಲಿ ರುಜು ಹಾಕಿದ,
ನಿನ್ನ ನಂಜಣ್ಣ

ಮತ್ತೆ: ಚೆಲುವರಾಜು ಕೆಳಗೆ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಪ್ಲಗ್ ಕೀಳಲು ಬಗ್ಗಿದಾಗ ಹಿಂದಿನ ಹಲಗೆಯ ವಿಭೂತಿ ನಿನ್ನ ಕಣ್ಣಿಗೆ ಬಿದ್ದೇ ಬೀಳುತ್ತದೆ, ಅದಕ್ಕೆ ಮೊದಲು ನಾನೇ ಹೇಳಬೇಕು. ಅಲ್ಲಿರುವುದು ಮೂರು ಗೆರೆ. ಅಮ್ಮ ಇಟ್ಟರೆ ಎರಡೇ ಗೆರೆ. ಮೂರನೆಯದಕ್ಕೆ ಅವಳಿಗೆ ಬೆರಳಿಲ್ಲ. ಅವಳು ಆಯುಧಪೂಜೆಗೆ ಇಟ್ಟದ್ದನ್ನು ನಾನು ಮಾರನೇ ದಿನವೇ ಒರೆಸಿದ್ದೆ. ಹೊಸ ಕಂಡೆನ್ಸರು ಮೈಸೂರಿನಿಂದ ಸೋಮವಾರ ಬರುವುದಿತ್ತು, ಬಸ್ಸು ಭಾನುವಾರ. ಶನಿವಾರ ಕರೆಂಟೂ ಇರಲಿಲ್ಲ, ಬಲ್ಬು ಜೋಡಿಸಿ ಓಡಿಸಿ ನೋಡಲಿಲ್ಲ. 'ಆ ಗುಜರಿ ಸಾಮಾನು ನಮ್ಮನೇಗೆ ಬೇಡ ಕಣಪ್ಪ, ಮಗು ಇರೋ ಮನೆ' ಎಂದು ಪುಟ್ಟಿ ಅಂದಿದ್ದಳಲ್ಲ, ಅವಳ ಮುಂದೆ ಗೆಲ್ಲಬೇಕಿತ್ತು ನನಗೆ. ಗೊತ್ತಿದ್ದೂ ಎರಡು ಪೆಟ್ಟಿಗೆಗೂ ವಿಭೂತಿ ಇಟ್ಟವನು ನಾನು. ಈಗ ಅಮ್ಮನಿಗೂ ಹೇಳಿದೆ. ಅವಳು ನನ್ನ ಬುತ್ತಿಯ ಉಳಿದ ಮುದ್ದೆಯನ್ನು ತೆಗೆದುಕೊಂಡು ಗೋಡೆಯ ಕಡೆ ತಿರುಗಿ ತಿನ್ನುತ್ತಿದ್ದಾಳೆ. ನೀನು ನನ್ನ ಮರ್ಯಾದೆಗೆಂದು ಆ ಗೆರೆಗಳನ್ನು ಒರೆಸಬೇಡ. ಪುಟ್ಟಿಯನ್ನು ದೂರ ನಿಲ್ಲಿಸಿ, ಮೂರನ್ನೂ ಎಣಿಸಿ ತೋರಿಸು.