ಬಾಲ ಕತ್ತರಿಸಿಹೋದ ಹೆಸರು

ನವೆಂಬರ್ ೧೪, ಮಂಗಳವಾರ

ಆಗಲೇ ಹೇಳಿಬಿಡಬೇಕಿತ್ತು.

ಕೃತಕ ಕಾಲು ಕೆತ್ತುವ ನಮ್ಮ ಮುದಿ ಯಂತ್ರಕ್ಕೆ ಫೈಲಿನ ಹೆಸರು ಎಂಟು ಅಕ್ಷರ ದಾಟಿದರೆ ಜೀರ್ಣವಾಗುವುದಿಲ್ಲ. ನಾನೋ ಹೊಸ ಕಂಪ್ಯೂಟರಿನಲ್ಲಿ ಎಡಗಾಲಿಲ್ಲದ ದರ್ಜಿ ಹೆಂಗಸಿನ ಎರಡೂ ಕಾಲಿನ (ಬಲಗಾಲಿನದು ಹೋಲಿಕೆಗೆ) ಅಳತೆಗೆ ಮಾರುದ್ದ ಹೆಸರಿಟ್ಟು, ಎಡ, ಬಲ ಎಂಬುದನ್ನು ಕೊನೆಗೆ ಬರೆದಿದ್ದೆ. ಆ ಬಾಲವೇ ಕತ್ತರಿಸಿಹೋಗಿ, ಯಂತ್ರದ ಪರದೆಯಲ್ಲಿ ಅದು ತಾನೇ ಹಾಕಿಕೊಂಡ ಒಂದು, ಎರಡು ಎಂಬ ಅಂಕಿಯಷ್ಟೇ ಉಳಿಯಿತು. "ಒಂದು ಅಂದ್ರೆ ಎಡ, ಒತ್ತಿ ಮೇಸ್ತ್ರಿ" ಎಂದವನು ನಾನೇ. ಫೈಲು ತೆರೆದು ನೋಡಲಿಲ್ಲ. ಅವರು ಒತ್ತಿದ್ದು ಒಂದನ್ನೇ.

ಬಂದದ್ದು ಬಲಗಾಲು. ನಾಳೆ ಎಡಗಾಲಿಗೆಂದು ಬರುವವಳಿಗೆ ಏನು ಹೇಳುವುದು?

ಮೇಸ್ತ್ರಿ ಕನ್ನಡಕ ಒರೆಸಿಕೊಂಡರು. "ಎರಡು ಒತ್ಬಿಟ್ಟೆ ಅನ್ಸುತ್ತೆ ಕಣಯ್ಯಾ. ಈ ಕಣ್ಣು ನೆಚ್ಕೊಂಡು ಇನ್ನು ಕೆಲಸ ಆಗಲ್ಲ. ನಾಳೆಯಿಂದ ಯಂತ್ರ ನೀನೇ ನೋಡ್ಕೋ."

ಇಪ್ಪತ್ತಾರು ವರ್ಷ ಅವರ ಸೊಂಟದಲ್ಲಿದ್ದ ಯಂತ್ರದ ಕೋಣೆಯ ಬೀಗದ ಕೈ ನನ್ನ ಅಂಗೈಗೆ ಬಂತು. ಇನ್ನೂ ಬೆಚ್ಚಗಿತ್ತು. ನಾನು ತೆಗೆದುಕೊಂಡೆ.